ಅವ್ವನ ಅಳತೆಯ ಕಾರು

ಅಲ್ಲ, ಆ ಕಾರು ಹಸಿರು ಇದ್ದಿರಲಿಕ್ಕಿಲ್ಲ. ಹಸಿರು ಎಂದೇ ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ, ನಿಮಗೂ ಹಾಗೆಯೇ ಹೇಳಿ ಮುಗಿಸುವವನಿದ್ದೆ. ಆದರೆ ನಿನ್ನೆ ನನ್ನ ಹೆಂಡತಿ ಸರೋಜಾ, ಅಕ್ಕಿ ಆರಿಸುತ್ತ ಕೂತವಳು, ತಲೆ ಎತ್ತದೆಯೇ "ಎಲ್ಲಿ ಹಸಿರ ಹಚ್ಚೀರಿ ಅದಕ್ಕ? ಕೆನಿ ಬಣ್ಣದ್ದಿತ್ತು ಅದು" ಎಂದಳು. ಮನೆಯಲ್ಲಿದ್ದ ಒಂದೇ ಫೋಟೋ ತೆಗೆದು ನೋಡಿದೆ. ಕಪ್ಪು ಬಿಳುಪಿನದು. ಅದರಲ್ಲಿ ಕಾರು ಬೂದು, ನಾನು ಬೂದು, ಹಿಂದಿನ ಬೇವಿನ ಗಿಡವೂ ಬೂದು. ಸಾಕ್ಷಿ ಹೇಳಬೇಕಾದದ್ದು ಹೀಗೆ ಎಲ್ಲರ ಪರವಾಗಿ ನಿಂತರೆ ಏನು ಮಾಡುವುದು? ಹಳೆಯ ಗಾಡಿ ಮಾರುವವರು ಮಾರುವ ಮುಂಚೆ ಒಂದು ಕೈ ಬಣ್ಣ ಹೊಡೆಸುತ್ತಾರೆ. ಹಳೆಯ ಸಂಗತಿ ಹೇಳುವವರೂ ಅದನ್ನೇ ಮಾಡುತ್ತಾರೆ. ಆದ್ದರಿಂದ ಮುಂದೆ ಹೇಳುವುದನ್ನು ನೀವು ಬಾನೆಟ್ ಎತ್ತಿ ನೋಡಿ, ಬೇಕಾದಷ್ಟನ್ನು ಮಾತ್ರ ನಂಬಬೇಕು.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗಿನ ಮಾತು. ಕಾರು ಇಡುವ ಮನೆತನ ನಮ್ಮದಲ್ಲ. ಬಾಗಲಕೋಟೆಯ ಕಾಲೇಜೊಂದರಲ್ಲಿ ಇತಿಹಾಸ ಹೇಳುತ್ತಿದ್ದೆ. ನನ್ನಲ್ಲಿ ಒಂದು ಸೈಕಲ್ ಇತ್ತು. ಅದರ ಬ್ರೇಕಿನ ಮೇಲೆ ನನಗಾಗಲಿ, ನನ್ನ ಮೇಲೆ ಅದಕ್ಕಾಗಲಿ ನಂಬಿಕೆ ಇರಲಿಲ್ಲ. ಇಂಥವನು ಕಾರಿನ ಮಾತು ತೆಗೆದದ್ದು ಅವ್ವನ ಸಲುವಾಗಿ. ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಎಲುಬು ಕೂಡಿತು, ಮನೆಯೊಳಗೆ ಗೋಡೆ ಹಿಡಿದು ಓಡಾಡುವಂತಾದಳು, ಆದರೆ ಬಸ್ಸಿನ ಮೆಟ್ಟಿಲು ಅವಳ ಪಾಲಿಗೆ ಬಾದಾಮಿಯ ಗುಡ್ಡವಾಯಿತು. ಅವಳ ತವರು ಇಳಕಲ್. ತಂದೆತಾಯಿ ತೀರಿಹೋಗಿ ಬಹಳ ದಿನವಾಗಿದ್ದರೂ ಆ ಮನೆಯಲ್ಲಿ ಅವಳ ಅಕ್ಕ, ನನ್ನ ದೊಡ್ಡವ್ವ, ಇದ್ದಳು. ಮಗ್ಗ ಇತ್ತು, ನಾಗರಪಂಚಮಿಗೆ ಜಂತಿಗೆ ಕಟ್ಟುವ ಜೋಕಾಲಿ ಇತ್ತು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಪಂಚಮಿ ಅಂದರೆ ತವರು. ಮದುವೆಯಾದಾಗಿನಿಂದ ಅವ್ವ ಒಂದು ಪಂಚಮಿಯನ್ನೂ ತಪ್ಪಿಸಿದವಳಲ್ಲ. ಬಿದ್ದ ಮೇಲೆ ಎರಡು ಪಂಚಮಿ ಹಾಗೇ ಹೋದವು. ಎರಡೂ ಸಲ ಮಂಚದ ಮೇಲೆ ಕೂತೇ ಶೇಂಗಾ ಉಂಡಿ ಕಟ್ಟಿದಳು, ಓಣಿಗೆಲ್ಲ ಹಂಚಿಸಿದಳು, ತಾನು ಒಂದನ್ನೂ ಬಾಯಿಗೆ ಹಾಕಲಿಲ್ಲ.

ಮೂರನೆಯ ಪಂಚಮಿಗೆ ಅವಳು ಇಳಕಲ್ಲಿನಲ್ಲಿರಬೇಕು ಎಂದು ನಾನೂ ಸರೋಜಾಳೂ ಗಟ್ಟಿ ಮಾಡಿಕೊಂಡೆವು. ಬಾಡಿಗೆ ಕಾರು ತರುತ್ತೇನೆ ಎಂದು ಮೊದಲು ಹೇಳಿ ನೋಡಿದೆ.

"ಬಾಡಿಗಿ ಗಾಡ್ಯಾಗ ದವಾಖಾನಿಗೆ ಹೋಗತಾರ ತಮ್ಮಾ. ತವರಿಗೆ ಹೋಗಾಂಗಿಲ್ಲ" ಎಂದಳು ಅವ್ವ.

ಹೊಸ ಕಾರಿಗೆ ಹೆಸರು ಹಚ್ಚಿದರೆ ಅದು ಬರುವಷ್ಟರಲ್ಲಿ ಎಷ್ಟು ಪಂಚಮಿ ಕಳೆಯುತ್ತವೆಂದು ಯಾರೂ ಹೇಳುವಂತಿರಲಿಲ್ಲ. ಉಳಿದದ್ದು ಯಾರಾದರೂ ಬಳಸಿ ಬಿಟ್ಟದ್ದು.

ಹಳೆಯ ಕಾರು ಬೇಕು ಎಂದು ಬಾಗಲಕೋಟೆಯ ಚಹಾದಂಗಡಿಯಲ್ಲಿ ಒಮ್ಮೆ ಬಾಯಿಬಿಟ್ಟು ನೋಡಿ. ಜನ್ಮದಲ್ಲಿ ಕಾರು ಹತ್ತದವರೂ ಸಲಹೆ ಕೊಡುತ್ತಾರೆ. ಒಬ್ಬರು ಟಾಯರ್ ನೋಡು ಎಂದರು, ಒಬ್ಬರು ಹೊಗೆಯ ಬಣ್ಣ ನೋಡು ಎಂದರು, ಇನ್ನೊಬ್ಬರು ಮಾರುವವನ ಮುಖ ನೋಡು ಎಂದರು. ನಾನೋ ಪುಸ್ತಕ ನೋಡುವವನು. ನಮ್ಮ ದೇವರುಗಳಿಗೆಲ್ಲ ವಾಹನಗಳಿವೆ: ನಂದಿ, ಗರುಡ, ನವಿಲು, ಹಂಸ. ಯಾರು ಯಾವುದನ್ನು ಏರಿದರು ಎಂದು ಪುರಾಣ ಸಾವಿರ ಸಲ ಹೇಳುತ್ತದೆ, ಏರುವ ಮುಂಚೆ ಏನೇನು ನೋಡಿ ಆರಿಸಿದರು ಎಂಬ ವಿಷಯದಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ. ಗಣಪತಿಯೊಬ್ಬನಂತೂ ಏನನ್ನೂ ನೋಡದೆ ಒಪ್ಪಿಕೊಂಡಿರಬೇಕು. ನೋಡಿದ್ದರೆ ಅಷ್ಟು ದೊಡ್ಡ ಮೈಯವನು ಇಲಿಯನ್ನು ಯಾಕೆ ಒಪ್ಪುತ್ತಿದ್ದ?

ಏನು ನೋಡಬೇಕೆಂದು ಕೊನೆಗೆ ತೀರ್ಮಾನಿಸಿದವಳು ಸರೋಜಾ. ಅವ್ವ ಕಾಲು ಇಳಿಬಿಟ್ಟು ಕೂತರೆ ಸೊಂಟ ಸಿಡಿಯುತ್ತಿತ್ತು. ನೆಲದ ಮೇಲಿರಲಿ, ಮಂಚದ ಮೇಲಿರಲಿ, ಚಕ್ಕಳಮಕ್ಕಳ ಹಾಕಿಯೇ ಕೂಡಬೇಕು. ಅದರಲ್ಲೂ ಬಿದ್ದ ಮೇಲೆ ಎಡಗಾಲು ಪೂರ್ತಿ ಮಡಚದೆ ಮಗ್ಗುಲಿಗೆ ಚಾಚಿಕೊಳ್ಳುತ್ತಿತ್ತು. ಹಾಗಿದ್ದರೆ ಕಾರಿನ ಸೀಟು ಆ ಮೊಣಕಾಲಿನಿಂದ ಈ ಮೊಣಕಾಲಿನವರೆಗೆ ಹಿಡಿಸಬೇಕು, ನೆಲದಿಂದ ಮಂಚದಷ್ಟೇ ಎತ್ತರ ಇರಬೇಕು. ಸರೋಜಾ ಒಂದು ಗಟ್ಟಿ ದಾರ ತಂದು ಅವ್ವ ಕೂತ ಅಗಲವನ್ನು ಅಳೆದು ಒಂದು ಗಂಟು ಹಾಕಿದಳು, ಮಂಚದ ಎತ್ತರಕ್ಕೆ ಇನ್ನೊಂದು.

"ಏನವಾ, ನನಗ ಜಂಪರ್ ಹೊಲಸ್ತೀಯೋ, ತೊಟ್ಟಿಲಾ ಮಾಡಸ್ತೀಯೋ?" ಎಂದಳು ಅವ್ವ.

"ಸುಮ್ಮ ಕುಂದರ್ರಿ ಅತ್ತಿ, ನಕ್ಕರ ಅಳತಿ ತಪ್ಪತೈತಿ."

ಅಳತೆ ತಪ್ಪಿತೋ ಇಲ್ಲವೋ, ಇಬ್ಬರೂ ನಕ್ಕರು. ದಾರ ನನ್ನ ಅಂಗಿಯ ಕಿಸೆ ಸೇರಿತು.

ಇಂಜಿನ್ ನೋಡಲು ಮಲ್ಲಣ್ಣ ಬಂದ. ನನ್ನ ಜೊತೆ ಸಾಲಿ ಕಲಿತವನು, ಕುಳಗೇರಿ ಕ್ರಾಸಿನಲ್ಲಿ ಲಾರಿ ಇಟ್ಟುಕೊಂಡವನು. ಹೀಗಾಗಿ ನಾವಿಬ್ಬರೂ ಪರಸ್ಪರ ಸಂಬಂಧವಿಲ್ಲದ ಎರಡು ಕೆಲಸ ಹಂಚಿಕೊಂಡು ಗಾಡಿ ನೋಡತೊಡಗಿದೆವು. ಅವನು ಮುಂದೆ ಹೋಗಿ ಬಾನೆಟ್ಟಿನೊಳಗೆ ತಲೆ ಹಾಕುತ್ತಿದ್ದ, ನಾನು ಹಿಂದೆ ಹೋಗಿ ಸೀಟಿನ ಮೇಲೆ ದಾರ ಹಾಸುತ್ತಿದ್ದೆ.

ಊರಲ್ಲೇ ಒಬ್ಬ ಡಾಕ್ಟರರ ಸಣ್ಣ ಕಾರು ಮೊದಲು ನೋಡಿದ್ದು. ಮಲ್ಲಣ್ಣ ಇಂಜಿನ್ನಿನ ಸದ್ದು ಕೇಳಿ ಕಣ್ಣು ಮುಚ್ಚಿ ತಲೆದೂಗಿದ. ನನ್ನ ದಾರ ಮಾತ್ರ ಸೀಟು ಮುಗಿದು ಬಾಗಿಲ ಹೊರಗೆ ತೂಗಾಡಿತು. ಕಾರು ಒಳ್ಳೆಯದೇ, ಅವ್ವ ಹೆಚ್ಚಾಗಿದ್ದಳು. ಹುನಗುಂದದಲ್ಲಿ ಕಂತ್ರಾಟದಾರರೊಬ್ಬರ ಜೀಪು ಕೊಡುವುದಿದೆ ಎಂದು ಹೋದೆವು. ಅದರ ಸೀಟಿಗೆ ಅವ್ವನನ್ನು ಹತ್ತಿಸಬೇಕಾದರೆ ಮೊದಲು ಕಟ್ಟೆ ಕಟ್ಟಿಸಬೇಕಾಗಿತ್ತು. ಮಾಲಕರು ನನ್ನ ದಾರವನ್ನು ನೋಡಿ ಬಹಳ ಮರ್ಯಾದೆಯಿಂದ "ಸಿಂಪಿಗ್ಯಾರೇನ್ರಿ ತಾವು?" ಎಂದು ಕೇಳಿದರು, ದರ್ಜಿಯೆಂದೇ ತಿಳಿದು.

ಬಾದಾಮಿಯ ಅಂಬಾಸಿಡರ್ ಸಿಕ್ಕಿದ್ದು ಆಮೇಲೆ. ಗುಹೆ ನೋಡಲು ಬಂದವರನ್ನು ಪಟ್ಟದಕಲ್ಲು, ಐಹೊಳೆ ಎಂದು ಸುತ್ತಿಸಿ ಸುತ್ತಿಸಿ ದಣಿದ ಗಾಡಿ. ಎಷ್ಟು ಓಡಿದೆ ಎಂದು ಹೇಳಬೇಕಾದ ಮೀಟರು ಯಾವ ಕಾಲಕ್ಕೋ ನಿಂತುಹೋಗಿತ್ತು. ಅದನ್ನು ನೋಡಿ ನನಗೆ ಒಂದು ಬಗೆಯ ಗೌರವ ಬಂತು, ಸುಳ್ಳು ಲೆಕ್ಕ ಹೇಳುವುದಕ್ಕಿಂತ ಸುಮ್ಮನಿರುವುದು ಮೇಲು ಎಂದು. ಮಾಲಕರು ಬಿಳಿ ಟೋಪಿಯ ಮುದುಕರು. ಮಾರುವುದಕ್ಕಿಂತ ಮಾತಾಡುವುದರಲ್ಲಿ ಅವರಿಗೆ ಹೆಚ್ಚು ಆಸಕ್ತಿ.

"ಎಷ್ಟ್ ಮದುಮಕ್ಕಳ್ನ ಹೊತ್ತೈತಿ ನೋಡ್ರಿ ಇದು. ಒಬ್ಬರೂ ಅರ್ಧಾ ದಾರ್ಯಾಗ ಇಳದಿಲ್ಲ" ಎಂದರು.

"ಇಳೀಬೇಕಂದರ ಬಾಗಲಾ ತೆಗೀಬೇಕಲ್ರಿ ಯಜಮಾನ್ರ," ಮಲ್ಲಣ್ಣ ಬಾಗಿಲು ಜಗ್ಗುತ್ತ ಹೇಳಿದ, "ಈ ಎಡಗಡಿದು ತೆಗ್ಯಾಕ ಬರಾಂಗೇ ಇಲ್ಲ."

ನಾನು ಬಲಗಡೆಯಿಂದ ಹೋಗಿ ದಾರ ಹಾಸಿದೆ. ಗಂಟಿನ ಆಚೆಗೂ ಸೀಟು ಉಳಿಯಿತು. ನೆಲದಿಂದ ಹಿಡಿದು ನೋಡಿದೆ, ಎರಡನೆಯ ಗಂಟು ಸೀಟಿನ ಅಂಚಿಗೆ ಬಂದು ಕೂತಿತು. ನಮ್ಮ ಮಂಚ ಮತ್ತು ಈ ಕಾರು ಒಂದೇ ಬಡಿಗನ ಕೈಯಲ್ಲಿ ಆಗಿವೆಯೇನೋ ಅನ್ನುವ ಹಾಗೆ.

"ಮಲ್ಲಣ್ಣಾ, ಇದೇ" ಎಂದೆ.

"ಲೇ, ಇಂಜಿನ್ ನೋಡೋ. ದಮ್ಮ ಹತ್ತಿದಂಗ ಕೆಮ್ಮತೈತಿ."

"ನೀ ಸೀಟು ನೋಡು."

"ಸೀಟು ಬೇಕಿದ್ದರ ಒಂದ್ ಸೋಫಾ ತಗೊಂಡು ಮನ್ಯಾಗ ಹಾಕ್ಕೋ. ಪೆಟ್ರೋಲಿನ ಖರ್ಚೂ ಉಳೀತೈತಿ."

ಕೊಂಡೆವು. ಅಂದೇ ಕೊಂಡೆವೋ, ಮಲ್ಲಣ್ಣನ ಸಿಟ್ಟು ಇಳಿದ ಮೇಲೆ ಇನ್ನೊಮ್ಮೆ ಹೋಗಿ ಕೊಂಡೆವೋ, ಅದು ನೆನಪಿಲ್ಲ. ನೆನಪಿರುವುದು ಬಾದಾಮಿಯಿಂದ ಬಾಗಲಕೋಟೆಗೆ ಬರುವ ದಾರಿಯಲ್ಲಿ ಗಾಡಿ ಬಿಸಿಯಾಗಿ ಉಗಿ ಬಿಟ್ಟದ್ದು, ಮಲ್ಲಣ್ಣ ಹಳ್ಳಕ್ಕೆ ಇಳಿದು ಡಬ್ಬಿಯಲ್ಲಿ ನೀರು ತಂದದ್ದು, ತಂದ ನೀರಲ್ಲಿ ಅರ್ಧ ಗಾಡಿಗೆ ಹಾಕಿ ಅರ್ಧ ತನ್ನ ತಲೆಗೆ ಸುರಿದುಕೊಂಡದ್ದು.

ಅವನೇ ನನಗೆ ಗಾಡಿ ನಡೆಸುವುದನ್ನೂ ಕಲಿಸಿದ. ತುಳಸಿಗೇರಿಯ ದಾರಿಯಲ್ಲಿ ಕಲಿತೆ. ಶನಿವಾರ ಮಾತ್ರ ಬೇಡ ಎಂದಿದ್ದ, ಅವತ್ತು ಹಣಮಪ್ಪನ ದರ್ಶನಕ್ಕೆ ಹೋಗುವ ಜನ ಬಹಳ. ಗಾಡಿಯನ್ನು ದೇವರ ಮುಂದೆ ನಿಲ್ಲಿಸಿ, ಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸಿದೆವು. ನಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸಬೇಕಾದಾಗ ನಾನು ಗೇರ್ ತಪ್ಪಿ ಗಾಡಿಯನ್ನು ಹಿಂದಕ್ಕೆ ಓಡಿಸಿದೆ. ಪೂಜಾರಿ ಇನ್ನೊಮ್ಮೆ ಮಂತ್ರ ಹೇಳಿದರು.

ಇತ್ತ ಅಂಗಳದಲ್ಲಿ ಅವ್ವನ ತಾಲೀಮು ನಡೆಯಿತು. ಮೊದಲು ಸೀಟಿನ ಅಂಚಿಗೆ ಬೆನ್ನು ಮಾಡಿ ಕೂಡುವುದು, ಆಮೇಲೆ ಸರೋಜಾ ಒಂದೊಂದೇ ಕಾಲು ಎತ್ತಿ ಒಳಗಿಡುವುದು, ಆಮೇಲೆ ಸರಿದು ಮಡಚಿಕೊಳ್ಳುವುದು. ಕೂತ ಮೇಲೆ ಅವ್ವ ಸೀಟನ್ನು ಕೈಯಿಂದ ಸವರಿ "ಬೇಷ್ ಐತಿ" ಎಂದಳು. ಒಂದು ಸುತ್ತು ಊರೊಳಗೆ ಹೋಗಿ ಬರೋಣವೇ ಎಂದರೆ ಒಲ್ಲೆ ಎಂದಳು. ಮೊದಲನೆಯ ಸಲ ಇಳಕಲ್ಲಿಗೇ.

ಹಬ್ಬದ ಹಿಂದಿನ ದಿನ ಬೆಳಿಗ್ಗೆ ಎದ್ದು ಗಾಡಿ ತೊಳೆದೆ. ಹಿಂದಿನ ಸೀಟಿನ ಮೇಲೆ ಸರೋಜಾ ಕೌದಿ ಹಾಸಿದಳು. ಬುತ್ತಿಯ ಗಂಟು, ಉಂಡಿಯ ಡಬ್ಬಿ, ಗಾಡಿಗೆ ಎರಡು ಕೊಡ ನೀರು ಎಲ್ಲ ಏರಿದವು. ಅವ್ವ ಕೆಂಪು ಸೆರಗಿನ ಇಳಕಲ್ ಸೀರೆ ಉಟ್ಟು, ಹೆರಳು ಹಾಕಿಸಿಕೊಂಡು ಮಂಚದ ಮೇಲೆ ಕೂತಿದ್ದಳು.

"ಏಳ ಬೇ, ಹೋಗೂಣು" ಎಂದೆ.

ಅವ್ವ ಏಳಲಿಲ್ಲ. "ಯಾರ್ ಬಂದಾರ?" ಎಂದಳು.

"ಎಲ್ಲಿಗೆ?"

"ನನ್ನ ಕರ್ಯಾಕ."

ನಮ್ಮಲ್ಲಿ ಪಂಚಮಿಗೆ ಮಗಳು ತಾನಾಗಿ ತವರಿಗೆ ಹೋಗುವುದಿಲ್ಲ. ತವರಿನಿಂದ ಯಾರಾದರೂ ಬಂದು ಬಾಗಿಲಲ್ಲಿ ನಿಂತು ಹಬ್ಬಕ್ಕೆ ಬಾ ಎಂದು ಕರೆಯಬೇಕು. ಇದನ್ನು ನಾನು ಬಲ್ಲೆ. ಹುಡುಗನಿದ್ದಾಗಿನಿಂದ ನೋಡಿದ್ದೇನೆ. ಅವ್ವನ ತಮ್ಮ ಸೋಮಣ್ಣ ಮಾಮಾ ಪ್ರತಿ ವರ್ಷ ಕೈಚೀಲ ಹಿಡಿದು ಬಸ್ಸಿಗೆ ಬರುತ್ತಿದ್ದ, ಚಹಾ ಕುಡಿದು, ಅಕ್ಕನನ್ನು ಕರೆದುಕೊಂಡು ಮುಂದಿನ ಬಸ್ಸಿಗೆ ಹೋಗುತ್ತಿದ್ದ. ಅವ್ವ ಬಿದ್ದ ವರ್ಷವೇ ಸೋಮಣ್ಣ ಮಾಮಾ ತೀರಿಕೊಂಡಿದ್ದ. ಸೀಟಿನ ಅಗಲ, ಎತ್ತರ, ರೇಡಿಯೇಟರಿನ ನೀರು ಎಲ್ಲ ಲಕ್ಷ್ಯದಲ್ಲಿದ್ದ ನಮಗೆ ಇದೊಂದು ಹೊಳೆದಿರಲಿಲ್ಲ.

"ನಾ ಕರೀತೇನಲ್ಲ ಬೇ, ಗಾಡಿ ತಂದು ನಿಂದರಿಸೇನಿ."

"ನೀ ನನ್ನ ಮಗಾ. ನೀ ಹಬ್ಬಾ ಹುಣ್ಣಿವಿ ದಿನಾ ಗಾಡ್ಯಾಗ ಹಾಕ್ಕೊಂಡು ಒಯ್ದರ ಅದು ಕರದಂಗಲ್ಲ ತಮ್ಮಾ, ಕಳಿಸಿದಂಗ."

"ದೊಡ್ಡವ್ವಗ ನೀ ಬರೋದು ಗೊತ್ತೈತಿ."

"ಗೊತ್ತಿದ್ದರ ಕರೀತಿದ್ಲು."

ಸರೋಜಾ ನನ್ನನ್ನು ಪಡಸಾಲೆಗೆ ಕರೆದು "ನೀವು ಹೋಗಿ ಅವರ್ನ ಕರಕೊಂಡು ಬರ್ರಿ" ಎಂದಳು.

"ಯಾರನ್ನ?"

"ಕರಿಯೋರ್ನ."

ಹೀಗೆ ಯಾರ ಸಲುವಾಗಿ ಕೊಂಡೆವೋ ಅವಳನ್ನು ಮಂಚದ ಮೇಲೆ ಬಿಟ್ಟು, ಖಾಲಿ ಕೌದಿಯನ್ನು ಹೊತ್ತುಕೊಂಡು, ನನ್ನ ಜನ್ಮದ ಮೊದಲ ದೊಡ್ಡ ಪ್ರಯಾಣ ಹೊರಟಿತು. ಕಮತಗಿ, ಅಮೀನಗಡ, ಹುನಗುಂದ. ಮಳೆ ಬಿದ್ದು ಹೋಗಿತ್ತು, ಎರಡೂ ಕಡೆ ಕರಿನೆಲದಲ್ಲಿ ಹೆಸರುಕಾಳಿನ ಬೆಳೆ ಮೊಣಕಾಲೆತ್ತರ ನಿಂತಿತ್ತು. ಎದುರಿಗೆ ಕಲ್ಲು ಹೇರಿಕೊಂಡ ಲಾರಿಗಳು ಬಂದಾಗಲೆಲ್ಲ ನಾನು ರಸ್ತೆಯನ್ನು ಅವಕ್ಕೇ ಬಿಟ್ಟುಕೊಟ್ಟು ಕೆಳಗೆ ಇಳಿದು ನಿಲ್ಲುತ್ತಿದ್ದೆ. ನಿಂತಾಗಲೆಲ್ಲ ಗಾಡಿಗೂ ಅಷ್ಟು ನೀರು ಹಾಕುತ್ತಿದ್ದೆ. ಇಬ್ಬರಿಗೂ ವಿಶ್ರಾಂತಿ.

ಇಳಕಲ್ಲಿನಲ್ಲಿ ದೊಡ್ಡವ್ವ ಬಾಗಿಲಿಗೆ ಬಂದು ನನ್ನ ಬೆನ್ನ ಹಿಂದೆ ತಂಗಿಗಾಗಿ ನೋಡಿದಳು.

"ಗಂಗಿ ಎಲ್ಲಿ?"

"ಬರಲಿಲ್ಲ. ಕರ್ಯಾಕ ಯಾರೂ ಬಂದಿಲ್ಲಂತ."

ದೊಡ್ಡವ್ವ ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ಅಯ್ಯ ಶಿವನ! ಕಾರ್ ತಗೊಂಡಾರಂತ ಸುದ್ದಿ ಬಂತು. ಇನ್ನೇನು, ಬೇಕಾದಾಗ ಬರತಾಳ, ಕಾರಿದ್ದಾಕಿನ್ನ ಬಸ್ಸಿನ್ಯಾಗ ಹೋಗಿ ಕರ್ಯಾಕ ನನಗೇನ್ ಹುಚ್ಚು ಹಿಡದೈತೇನು ಅಂತ ಸುಮ್ಮ ಕುಂತೆ."

"ಹೋದ ವರ್ಷ, ಅದರ ಹಿಂದಿನ ವರ್ಷ?"

"ಸೊಂಟಾ ಮುರಕೊಂಡು ಮಲಗಿದಾಕಿನ್ನ ಬಾ ಅಂತ ಹೆಂಗ ಕರೀಲೋ? ಕರದರ ಬರಾಕ ಆಗಲಿಲ್ಲಂತ ಅಳತಾಳ." ಹೊರಗೆ ನಿಂತ ಕಾರಿನ ಕಡೆ ನೋಡಿ "ಆಕಿ ಸಣ್ಣಾಕಿ, ನಾ ಹಿರ್ಯಾಕಿ. ನಾ ಹೋಗಿ ಕರೀಬೇಕೇನು?" ಎಂದಳು.

ಅವಳು ಆಗಲೇ ಒಳಗೆ ಹೋಗಿ ಒಂದು ಕುಪ್ಪಸದ ಖಣ, ಕೊಬ್ಬರಿ ಬಟ್ಟಲು, ಕುಂಕುಮ ಎಲ್ಲವನ್ನೂ ಸೋಮಣ್ಣ ಮಾಮಾನ ಅದೇ ಕೈಚೀಲಕ್ಕೆ ತುಂಬುತ್ತಿದ್ದಳು. ಅದೇ ಚೀಲ ಎಂದು ಬರೆದುಬಿಟ್ಟೆ. ಅದೇ ಇದ್ದಿರಬಹುದು, ಅಥವಾ ಅದೇ ಇರಲಿ ಎಂದು ನಾನು ಆಮೇಲೆ ಅವಳ ಕೈಗೆ ಕೊಟ್ಟಿರಬಹುದು. ಕೈಯಲ್ಲಿ ಚೀಲ ಒಂದಿತ್ತು, ಅಷ್ಟು ಗಟ್ಟಿ.

ದೊಡ್ಡವ್ವ ಕಾರು ಹತ್ತಿದ್ದು ಅದೇ ಮೊದಲು. ಅಮೀನಗಡದ ಈಚೆ ಗಾಡಿ ಮತ್ತೆ ಉಗಿ ಬಿಟ್ಟಾಗ ಕಿಡಕಿಯಿಂದ ತಲೆ ಹೊರಗೆ ಹಾಕಿ ಕೇಳಿದಳು: "ಇದಕ್ಕೂ ನೀರಡಿಕಿ ಆಗತೈತೇನೋ?"

"ಹೂಂ ದೊಡ್ಡವ್ವ. ಭಾಳ ಹಳೇದು."

"ಆಗಲಿ ಬಿಡು, ಪಾಪ. ಎರಡ್ ಸಲ ಓಡ್ಯಾಡಸಾಕತ್ತೀವಿ."

ಬಾಗಲಕೋಟೆಯ ಮನೆಯ ಮುಂದೆ ಇಳಿದು ಅವಳು ನೇರ ಒಳಗೆ ಹೋಗಲಿಲ್ಲ. ಹೊಸ್ತಿಲ ಹೊರಗೇ ನಿಂತು, ಸೆರಗು ಸರಿ ಮಾಡಿಕೊಂಡು, ಓಣಿಗೆಲ್ಲ ಕೇಳುವಂತೆ ಹೇಳಿದಳು: "ಗಂಗವ್ವಾ, ಪಂಚಮಿ ಬಂತು. ತವರಮನಿಗೆ ಬಾ. ಕರ್ಯಾಕ ಬಂದೇನಿ."

ಒಳಗಿನಿಂದ ಅವ್ವನ ದನಿ ಬಂತು: "ಈಗ ನೆಪ್ಪಾತೇನು?"

"ನೆಪ್ಪಾಗಲಾರದ ಬಂದೇನೇನು? ಏಳು, ಸಾಕ್ ಮಾಡು ನಿನ್ನ ಠೇಂಕಾರ. ನಿನ್ನ ಮಗನ ಗಾಡಿ ನೀರ್ ಕುಡದ ಕುಡದ ಕೆರಿ ಖಾಲಿ ಮಾಡೈತಿ."

ಆಮೇಲೆ ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಮಂಚದ ಮೇಲೆ ಬಹಳ ಹೊತ್ತು ಕೂತರು. ಏನು ಮಾತಾಡಿದರೋ. ಸರೋಜಾ ನನ್ನನ್ನು ಒಳಗೆ ಬಿಡಲಿಲ್ಲ.

ಹೊರಡುವಾಗ ನಾವು ತಾಲೀಮಿನ ಪ್ರಕಾರ ನಿಂತೆವು. ನಾನು ಬಾಗಿಲು ಹಿಡಿದೆ, ಸರೋಜಾ ಅವ್ವನ ಕಾಲು ಎತ್ತಲು ಬಗ್ಗಿ ನಿಂತಳು. ದೊಡ್ಡವ್ವ ಮೊದಲೇ ಒಳಗೆ ಹತ್ತಿ ಕೂತಿದ್ದಳು. ಅಲ್ಲಿಂದ ಕೈ ಚಾಚಿ "ಬಾ, ಹತ್ತು" ಎಂದಳು. ಅವ್ವ ಆ ಕೈ ಹಿಡಿದು ಹತ್ತಿ ಕೂತುಬಿಟ್ಟಳು. ಯಾವ ಕಾಲು ಮೊದಲು ಇಟ್ಟಳು, ಬೆನ್ನು ಹೇಗೆ ತಿರುಗಿಸಿದಳು, ಅಲ್ಲೇ ನಿಂತು ನೋಡುತ್ತಿದ್ದ ನಾನು ಹೇಳಲಾರೆ. ಸರೋಜಾ ಬಗ್ಗಿದವಳು ಹಾಗೇ ನೆಟ್ಟಗಾದಳು. ಸೀಟು ಒಬ್ಬರ ಅಳತೆ ಹಿಡಿದು ಆರಿಸಿದ್ದು, ಇಬ್ಬರು ಕೂತಿದ್ದರು. ಅವ್ವ ಚಾಚಿದ ಕಾಲನ್ನು ದೊಡ್ಡವ್ವ ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಿದ್ದಳು.

ಇಳಕಲ್ ಮುಟ್ಟಿದಾಗ ಹೊತ್ತು ಇಳಿದಿತ್ತು. ತವರಿನ ಓಣಿಯಲ್ಲಿ ಯಾರೋ ಹಬ್ಬದ ಮುಂಚೆ ಮುಗಿಸಿಬಿಡಬೇಕೆಂದು ಸೀರೆಯ ಹಾಸನ್ನು, ಮಗ್ಗಕ್ಕೆ ಏರಿಸುವ ಉದ್ದ ನೂಲನ್ನು, ಈ ತುದಿಯಿಂದ ಆ ತುದಿಯವರೆಗೆ ಬಿಗಿದು ಕಟ್ಟಿದ್ದರು. ಗಾಡಿ ಹೋಗುವಂತಿರಲಿಲ್ಲ. ಬಿಚ್ಚುವಂತೆ ಹೇಳಲೇ ಎಂದು ನಾನು ಇಳಿದೆ.

"ಏ, ನೂಲು ಮುಟ್ಟಬ್ಯಾಡ" ಎಂದಳು ಅವ್ವ. ಅಕ್ಕನ ಹೆಗಲ ಮೇಲೆ ಕೈ ಹಾಕಿ ಇಳಿದಳು. ನೂಲಿನ ಮಗ್ಗುಲಲ್ಲಿ ಉಳಿದ ಸಣ್ಣ ದಾರಿಯಲ್ಲಿ ಇಬ್ಬರೂ ನಡೆದರು, ಎರಡು ಹೆಜ್ಜೆಗೊಮ್ಮೆ ನಿಂತು, ಪ್ರತಿ ಬಾಗಿಲಿನವರನ್ನೂ ಮಾತಾಡಿಸುತ್ತ. ಯಾವಾಗ ಬಂದಿ ಗಂಗವ್ವಾ ಎಂದು ಕೇಳಿದವರಿಗೆಲ್ಲ ಅವ್ವ "ಅಕ್ಕ ಕರ್ಯಾಕ ಬಂದಿದ್ಲು" ಎಂದಳು. ಕಾರಿನ ಹೆಸರನ್ನು ಒಬ್ಬರ ಮುಂದೆಯೂ ಎತ್ತಲಿಲ್ಲ. ನಾನೂ ಸರೋಜಾಳೂ ಡಬ್ಬಿ, ಗಂಟು ಹೊತ್ತುಕೊಂಡು ಹಿಂದೆ ನಡೆದೆವು.

ಅವಳು ಹಾಗೆ ನಡೆಯುವುದನ್ನು ಹಿಂದಿನಿಂದ ನೋಡಿದಾಗ ಹುಟ್ಟಿದ ಒಂದು ಅನುಮಾನ ಇನ್ನೂ ಹೋಗಿಲ್ಲ. ಆ ಎರಡು ಪಂಚಮಿ ಅವಳು ಮಂಚ ಬಿಟ್ಟು ಏಳದೆ ಕಳೆದದ್ದು ಸೊಂಟದ ದೆಸೆಯಿಂದಲೋ, ಬಾಗಿಲಿಗೆ ಬಂದು ಬಾ ಎನ್ನುವವರು ಇರಲಿಲ್ಲವೆಂದೋ? ತಮ್ಮ ಸತ್ತದ್ದು, ಎಲುಬು ಮುರಿದದ್ದು ಒಂದೇ ವರ್ಷ. ಎರಡನ್ನೂ ಬಿಡಿಸಿ ನೋಡಲು ಬರುವುದಿಲ್ಲ. ಸರೋಜಾ ಸೊಂಟವೇ ಎನ್ನುತ್ತಾಳೆ, ದಿನಾ ಎಣ್ಣೆ ತಿಕ್ಕಿದವಳು ಅವಳು. ಅವಳ ಮಾತು ಖರೆ ಇರಬಹುದು. ಖರೆ ಇಲ್ಲದಿದ್ದರೆ ಒಬ್ಬರು ಬಸ್ಸಿನಲ್ಲಿ ಬಂದು ಹೊಸ್ತಿಲಲ್ಲಿ ನಿಂತಿದ್ದರೂ ಸಾಕಿತ್ತು, ಕಾರು ಬೇಕಾಗಿರಲೇ ಇಲ್ಲ. ಅವ್ವ ಇದ್ದಾಗ ನಾನು ಕೇಳಲಿಲ್ಲ, ಈಗ ಕೇಳಲು ಅವಳಿಲ್ಲ, ದೊಡ್ಡವ್ವನೂ ಇಲ್ಲ. ನನಗೆ ಗೊತ್ತಿಲ್ಲ.